ಪ್ರದರ್ಶನದ ಗೇಟಿನೆದುರು ಹೋಟೆಲು

ಸಂಕ್ರಾಂತಿ ಕಳೆದ ವಾರದಲ್ಲಿ ನಾನು, ನನ್ನ ತಾಯಿ, ನಮ್ಮ ಯಜಮಾನರು ಮೂವರೂ ಮುಳಬಾಗಿಲಿನಿಂದ ಕೋಲಾರದ ವಸ್ತುಪ್ರದರ್ಶನಕ್ಕೆ ಹೊರಟೆವು. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂಬದಿಗೆ ಕಬ್ಬಿಣದ ಪೀಪಾಯಿಯೊಂದನ್ನು ಕಟ್ಟಿ, ಅದರಲ್ಲಿ ಕೆಂಡ ಮಾಡಿ, ಕ್ಲೀನರು ಚಕ್ರ ತಿರುಗಿಸಿ ತಿರುಗಿಸಿ ಗಾಳಿ ಹಾಕಬೇಕಾಗಿತ್ತು. ಅವನು ಪೂರ್ತಿ ಬೆವತ ಮೇಲೆ ಎಂಜಿನ್ನು ಹೊರಡುವ ಮನಸ್ಸು ಮಾಡುತ್ತಿತ್ತು. ಚಳಿಗೆ ಕಂಬಳಿ ಹೊದ್ದ ಪ್ರಯಾಣಿಕರೆಲ್ಲ ಆ ಪೀಪಾಯಿಯ ಸುತ್ತ ಕೈ ಕಾಯಿಸಿಕೊಳ್ಳುತ್ತ ನಿಂತಿದ್ದರು. ಹದಿನೆಂಟು ಮೈಲಿ ದಾರಿ. ತಲಪುವ ಹೊತ್ತನ್ನು ಮಾತ್ರ ಯಾರೂ ಹೇಳುವಂತಿರಲಿಲ್ಲ.

ಕೇಳಿದವರಿಗೆಲ್ಲ ಪ್ರದರ್ಶನ ನೋಡಲು ಹೋಗುತ್ತೇವೆ ಎಂದೇ ಹೇಳಿದ್ದೆವು. ಅಮ್ಮನಿಗೆ ಪ್ರದರ್ಶನದ ಗೊಡವೆಯೇನೂ ಇರಲಿಲ್ಲ. ಅವಳು ಹೊರಟದ್ದು ಮಾಲೂರಿನಲ್ಲಿದ್ದ ತನ್ನ ಒಬ್ಬಳೇ ತಂಗಿಯನ್ನು, ನನ್ನ ರತ್ನಾ ಚಿಕ್ಕಮ್ಮನನ್ನು ನೋಡಲು. ಅಕ್ಕತಂಗಿಯರು ಮುಖ ನೋಡಿ ಆರೇಳು ವರ್ಷವಾಗಿತ್ತು.

ಅದಕ್ಕೆ ಕಾರಣ ನನ್ನ ಮದುವೆಯ ಮಾತು. ಚಿಕ್ಕಮ್ಮನ ಮೈದುನನಿಗೆ ನನ್ನನ್ನು ಕೊಡುವುದೆಂದು ಎರಡೂ ಮನೆಯವರು ಒಪ್ಪಿ, ಮಾಲೂರಿನಲ್ಲಿ ನೆಂಟರಿಷ್ಟರಿಗೆಲ್ಲ ತಿಳಿಸಿಯೂ ಆಗಿತ್ತು. ಆಮೇಲೆ ಯಾರೋ ಜಾತಕ ಕೂಡುವುದಿಲ್ಲವೆಂದರು. ನನ್ನ ತವರೂರಾದ ತಾಯಲೂರಿನಿಂದ ನಮ್ಮ ತಂದೆ ಆಳಿನ ಕೈಲಿ ಹೇಳಿ ಕಳಿಸಿ ಮಾತು ಮುರಿದರು. ಖುದ್ದಾಗಿ ಹೋಗಿ ಹೇಳಿದ್ದರೆ ಏನಾಗುತ್ತಿತ್ತೋ. ಆಳಿನ ಬಾಯಲ್ಲಿ ಬಂದ ಮಾತು ಮಾಲೂರಿನವರಿಗೆ ಅವಮಾನವಾಯಿತು. ಅಂದಿನಿಂದ ಆ ಮನೆ ಈ ಮನೆಗೆ ಹೋಗುವುದು ಬರುವುದು ನಿಂತಿತು. ನನಗೆ ಮುಳಬಾಗಿಲಿನಲ್ಲಿ ಒಳ್ಳೆಯ ಕಡೆಯೇ ಸಂಬಂಧವಾಯಿತು. ಆದರೆ ನನ್ನ ಮದುವೆಗೆ ಚಿಕ್ಕಮ್ಮ ಬರಲಿಲ್ಲ. ನಮ್ಮ ತಂದೆ ಬದುಕಿರುವ ತನಕ ಮನೆಯಲ್ಲಿ ಮಾಲೂರಿನ ಹೆಸರನ್ನು ಯಾರೂ ಎತ್ತಲಿಲ್ಲ.

ತಂದೆ ತೀರಿಕೊಂಡ ಮೇಲೆ, ಎರಡೂ ಕಡೆ ಓಡಾಡುವ ನಮ್ಮ ಜೋಯಿಸರ ಬಾಯಲ್ಲಿ ಸಂದೇಶ ಹೋಗಿ ಬಂತು. ಮಾಲೂರಿಗೆ ಹೋಗಲು ಅಮ್ಮನಿಗೆ ಅಂಜಿಕೆ. ತಾಯಲೂರಿಗೆ ಬರಲು ಚಿಕ್ಕಮ್ಮನಿಗೆ ಅಂಜಿಕೆ. ಇಬ್ಬರಿಗೂ ಸಂಬಂಧವಿಲ್ಲದ ಊರೇ ಸರಿ ಎಂದು ಜೋಯಿಸರು ಉಪಾಯ ಹೇಳಿದರು. "ಕೋಲಾರದಾಗೆ ಪ್ರದರ್ಶನ ಇಕ್ತಾರೆ. ಗೇಟಿನ ಎದುರಿಗೇ ಒಂದು ಹೋಟ್ಲು ಇರ್ತದೆ. ಶುಕ್ರವಾರ ಅಲ್ಲಿ ಬಂದು ಇಳ್ಕೊಳ್ಳಿ. ರತ್ನಮ್ಮನೂ ಬರ್ತೀನಿ ಅಂದವ್ಳೆ, ಅವ್ಳ ಗಂಡನೂ ಜೊತೇಲಿ ಬರ್ತಾನೆ."

ಬಸ್ಸು ಏರು ಬಂದಾಗಲೆಲ್ಲ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಗಂಡಸರೆಲ್ಲ ಇಳಿದು ತಳ್ಳಿದರು. ಅಮ್ಮ ಮಾತ್ರ ಅವರೆಕಾಯಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಲ್ಲೇ ಕೂತಿದ್ದಳು. ಸೊಗಡಿನ ಅವರೆ, ನಮ್ಮ ಹೊಲದ್ದು. ಚಿಕ್ಕಮ್ಮನಿಗೆ ಹಿತುಕಿದ ಬೇಳೆಯ ಹುಳಿ ಎಂದರೆ ಪ್ರಾಣ.

ಮಧ್ಯಾಹ್ನದ ಹೊತ್ತಿಗೆ ಅಂತರಗಂಗೆಯ ಬೆಟ್ಟ ಕಾಣಿಸಿತು. ಪ್ರದರ್ಶನದ ಬಯಲು ಊರಿನ ಅಂಚಿನಲ್ಲಿತ್ತು. ಮಾವಿನ ಸೊಪ್ಪು, ಬಣ್ಣದ ಕಾಗದ ಕಟ್ಟಿದ ದೊಡ್ಡ ಕಮಾನು, ಅದರ ಮೇಲೆ ಹಾಡುವ ಗ್ರಾಮಫೋನು. ಕಮಾನಿನ ಎದುರಿಗೇ, ರಸ್ತೆ ದಾಟಿದರೆ, ಒಂದು ಹೋಟೆಲು. ಹುಡುಕುವ ಕಷ್ಟವೇ ಬರಲಿಲ್ಲ. ಅಮ್ಮನ ಮುಖ ಅರಳಿತು.

ಅದು ಮೊದಲು ಹುಣಸೆಹಣ್ಣಿನ ಮಂಡಿಯಾಗಿತ್ತಂತೆ. ಪ್ರದರ್ಶನಕ್ಕೆ ಬರುವವರಿಗಾಗಿ ಕೆಳಗೆ ಬೆಂಚು ಹಾಕಿ ಹೋಟೆಲು ಮಾಡಿ, ಮಹಡಿಯಲ್ಲಿ ಬಿದಿರಿನ ತಡಿಕೆ ಕಟ್ಟಿ ಕೋಣೆಗಳನ್ನು ಮಾಡಿದ್ದರು. ಕೋಣೆಗೆ ದಿನಕ್ಕೆ ಎಂಟಾಣೆ. ಒಂದು ಚಾಪೆ, ಒಂದು ಲಾಟೀನು, ಮೂಲೆಯಲ್ಲಿ ನೀರಿನ ಹೂಜಿ. ಮೇಲೆ ತಗಡಿನ ಸೂರು, ಹಗಲೆಲ್ಲ ಕಾದು ರಾತ್ರಿ ತಣ್ಣಗೆ ಕೊರೆಯುವಂಥದು. ಹುಣಸೆಹಣ್ಣಿನ ಹುಳಿವಾಸನೆ ಹಲಗೆಗಳಿಗೆ ಅಂಟಿಕೊಂಡೇ ಇತ್ತು. ಸ್ನಾನಕ್ಕೆ ಹಿತ್ತಲ ಬಾವಿ. ಅಕ್ಕಿಗೂ ಸಕ್ಕರೆಗೂ ಅಭಾವವಾದ್ದರಿಂದ ರಾಗಿ ದೋಸೆ ಮತ್ತು ಬೆಲ್ಲದ ಕಾಫಿ. ದೋಸೆ ಮಾತ್ರ ಚೆನ್ನಾಗಿತ್ತು.

ಹೋಟೆಲಿನ ಯಜಮಾನ ನಾರಾಯಣಪ್ಪನವರು ಅಮ್ಮನ ಮಾತು ಕೇಳಿ, "ಮಾಲೂರಿನೋರು ಇನ್ನೂ ಯಾರೂ ಬಂದಿಲ್ಲ ಕಣಮ್ಮ. ಬಂದ್ರೆ ನಿಮ್ಮ ಪಕ್ಕದ ರೂಮೇ ಕೊಡ್ತೀನಿ, ಖಾಲಿ ಇಟ್ಟಿರ್ತೀನಿ" ಎಂದರು. ಕೊಟ್ಟ ಮಾತಿನಂತೆ ಆ ಕೋಣೆಯನ್ನು ಬೇರೆ ಯಾರಿಗೂ ಕೊಡಲಿಲ್ಲ. ಪಾಪ, ಆ ಜನಜಂಗುಳಿಯಲ್ಲಿ ಅವರಿಗೆ ಅದು ನಷ್ಟವೇ.

ಅಮ್ಮ ಜಗುಲಿಯ ಮೇಲೆ, ರಸ್ತೆ ಕಾಣುವಂತೆ ಕೂತಳು. ಜಟಕಾ ಬಂದು ನಿಂತಾಗಲೆಲ್ಲ ಎದ್ದು ನೋಡುವಳು. ಇಳಿದವರು ಬೇರೆಯವರಾದರೆ ಸೆರಗು ಸರಿಪಡಿಸಿಕೊಂಡು ಮತ್ತೆ ಕೂರುವಳು. ಸಂಜೆ ವಿದ್ಯುದ್ದೀಪಗಳು ಹತ್ತಿದವು. ಹಳ್ಳಿಗಳಿಂದ ಬಂದ ಜನ ಆ ಬೆಳಕನ್ನೇ ನೋಡುತ್ತ ಕಮಾನಿನ ಕೆಳಗೆ ನಿಂತುಬಿಡುತ್ತಿದ್ದರು. ಚಿಕ್ಕಮ್ಮ ಬರಲಿಲ್ಲ.

"ರೈಲು ತಪ್ಪಿರ್ತದೆ ಕಣೇ ಸೀತಾ," ಎಂದಳು ಅಮ್ಮ. "ಬೌರಿಂಗ್‌ಪೇಟೇಲಿ ಇಳ್ದು ಆ ಪುಟ್ಟ ರೈಲು ಹತ್ಬೇಕಲ್ಲ. ನಾಳೆ ಬರ್ತಾಳೆ."

ಮರುದಿನವೂ ಅಮ್ಮ ಜಗುಲಿ ಬಿಡಲಿಲ್ಲ. ನಮ್ಮ ಯಜಮಾನರು ಆ ರಸ್ತೆಯಲ್ಲಿದ್ದ ಇನ್ನೆರಡು ಹೋಟೆಲುಗಳಿಗೂ ಹತ್ತಿರದ ಛತ್ರಕ್ಕೂ ಹೋಗಿ ವಿಚಾರಿಸಿ ಬಂದರು. ಮಾಲೂರಿನಿಂದ ಬಂದವರು ಇದ್ದರು, ನಮ್ಮವರು ಇರಲಿಲ್ಲ. ಮಧ್ಯಾಹ್ನ ಅವರು, "ಅತ್ತೆ, ಒಂದು ಗಳಿಗೆ ಒಳಗೆ ಹೋಗಿ ನೋಡ್ಕೊಂಡು ಬರೋಣ ಬನ್ನಿ. ಬಂದ್ರೆ ನಾರಾಯಣಪ್ಪನವರು ಕೂರಿಸಿಕೊಂಡಿರ್ತಾರೆ" ಎಂದರು.

"ನೀವಿಬ್ರೂ ಹೋಗ್ಬನ್ನಿ. ಅವ್ಳು ಬಂದಾಗ ನಾನು ಇಲ್ದೇ ಇದ್ರೆ ಮುನಿಸ್ಕೊಂಡು ಹೋಗ್ಬಿಡ್ತಾಳೆ. ಚಿಕ್ಕಂದಿನಿಂದ್ಲೂ ಹಂಗೇ ಅವ್ಳು."

ನಾವಿಬ್ಬರೇ ಒಳಗೆ ಹೋದೆವು. ರೇಷ್ಮೆ ಗೂಡು ಬಿಸಿನೀರಲ್ಲಿ ಹಾಕಿ ನೂಲು ತೆಗೆಯುವುದನ್ನು ತೋರಿಸುತ್ತಿದ್ದರು. ಕಬ್ಬಿಣದ ನೇಗಿಲು, ಅರಗಿನ ಬೊಂಬೆ, ಗಂಧದ ಸಾಬೂನು, ನಾಲ್ಕು ಜನ ಹಿಡಿಯಬೇಕಾದಷ್ಟು ದೊಡ್ಡ ಕುಂಬಳಕಾಯಿ. ನನಗೆ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ. ಜನರ ನಡುವೆ ಚಿಕ್ಕಮ್ಮನ ಮುಖವನ್ನೇ ಹುಡುಕುತ್ತಿದ್ದೆ. ಬಯಲಿನ ಆ ತುದಿಯಲ್ಲಿ, ದನಗಳನ್ನು ಕಟ್ಟಿದ್ದ ಕಡೆ, ದೂಳೆದ್ದಿತ್ತು. ಅಲ್ಲೂ ಜನ ಒಳಗೆ ಹೊರಗೆ ಓಡಾಡುತ್ತಿದ್ದರು. ಅದು ದನ ಬರುವ ದಾರಿ ಎಂದುಕೊಂಡು ಹಿಂದಿರುಗಿದೆವು.

ನಾವು ಬಂದಾಗ ಅಮ್ಮ ಅವರೆಕಾಯಿಗೆ ನೀರು ಚಿಮುಕಿಸುತ್ತಿದ್ದಳು. ಒಳಗೆ ಏನಿತ್ತೆಂದು ಕೇಳಲಿಲ್ಲ. "ಅವ್ಳ ಗಂಡ ಬ್ಯಾಡ ಅಂದಿರ್ಬೇಕು" ಎಂದಷ್ಟೇ ಹೇಳಿದಳು. ಅಕ್ಕತಂಗಿಯರು ಹೀಗಾದದ್ದು ನನ್ನ ಹೆಸರಿನಲ್ಲಿ ನಡೆದ ಮಾತಿನಿಂದಲ್ಲವೇ ಎಂದು ನನಗೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಊರಿಗೆ ಹೊರಡುವುದೆಂದು ತೀರ್ಮಾನಿಸಿದೆವು. ಆ ಬೆಳಿಗ್ಗೆ ನಾನು ಬಾವಿಕಟ್ಟೆಯಿಂದ ಬರುವಾಗ ಹೂ ಮಾರುವ ಮುನಿಯಮ್ಮ ಜಗುಲಿಯ ಮುಂದೆ ಬುಟ್ಟಿ ಇಳಿಸಿದ್ದಳು. ಹಿಂದಿನ ದಿನವೂ ಅವಳ ಹತ್ತಿರ ಹೂ ಕೊಂಡಿದ್ದೆವು.

"ಇವತ್ತು ಬ್ಯಾಡಮ್ಮ, ಊರಿಗೆ ಹೊರಟ್ವಿ," ಎಂದಳು ಅಮ್ಮ.

"ಯಾಕಮ್ಮ, ಪ್ರದರ್ಶನ ಇನ್ನೂ ಐತಲ್ಲ."

"ಮಾಲೂರಿಂದ ನಮ್ಮ ತಂಗಿ ಬರ್ಬೇಕಾಗಿತ್ತು. ಬರ್ಲಿಲ್ಲ."

ಮುನಿಯಮ್ಮ ಅಮ್ಮನ ಮುಖವನ್ನೇ ನೋಡಿದಳು. "ಮಾಲೂರಾ? ಆ ಗೇಟಿನ ತಾವ ಒಬ್ಬ ಅಮ್ಮಯ್ಯ ಅವ್ರೆ ಕಣಮ್ಮ. ಹೋಟ್ಲಿನ ಬಾಗ್ಲಲ್ಲೇ ಕುಂತಿರ್ತಾರೆ. ಮುಳಬಾಗಿಲು ಕಡೆಯಿಂದ ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ ಅಂತ ಕಾಯ್ಕೊಂಡು."

"ಯಾವ ಗೇಟು?" ಎಂದರು ನಮ್ಮ ಯಜಮಾನರು.

"ಸ್ಟೇಷನ್ ಕಡೆ ಗೇಟು ಸ್ವಾಮಿ. ರೈಲಲ್ಲಿ ಬರೋರೆಲ್ಲ ಅಲ್ಲೇ ಅಲ್ವ ಇಳ್ಕೊಳ್ಳೋದು? ನಾನು ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ ಮಾರ್ತೀನಿ."

ಪ್ರದರ್ಶನಕ್ಕೆ ಎರಡು ಗೇಟು. ಬಸ್ಸಿನಲ್ಲಿ ಬಂದವರಿಗೆ ಒಂದು ಗೇಟು, ರೈಲಿನಲ್ಲಿ ಬಂದವರಿಗೆ ಇನ್ನೊಂದು. ಎರಡರ ಎದುರಿಗೂ ಹೋಟೆಲು. ಜೋಯಿಸರು ಇಬ್ಬರಿಗೂ ಅದೇ ಮಾತನ್ನೇ ಹೇಳಿದ್ದರು. ಅವರು ತಪ್ಪೇನೂ ಹೇಳಿರಲಿಲ್ಲ.

ಅಮ್ಮ ಚಪ್ಪಲಿ ಹಾಕಿಕೊಳ್ಳದೆ ರಸ್ತೆಗೆ ಇಳಿದಳು. ಪ್ರದರ್ಶನದ ಬೇಲಿಯನ್ನು ಸುತ್ತಿಕೊಂಡು ಆ ಕಡೆ ಹೋದೆವು. ಅಲ್ಲಿಯೂ ಮಾವಿನ ಸೊಪ್ಪಿನ ಕಮಾನು, ಅಂಥದೇ ಗ್ರಾಮಫೋನು. ಹೋಟೆಲಿನ ಬಾಗಿಲಲ್ಲಿ ಖಾಲಿ ಮಣೆ. "ಮಾಲೂರಿನೋರಾ? ಶುಕ್ರವಾರದಿಂದ ಇದ್ರು. ಈಗ ತಾನೆ ಗಾಡಿಗೆ ಅಂತ ಹೋದ್ರು," ಎಂದ ಹೋಟೆಲಿನವ. ಒಂದು ಜಟಕಾ ಸಿಕ್ಕಿತು. ಸ್ಟೇಷನ್ನು ದೂರವೇನಲ್ಲ. ಆದರೂ ಅಮ್ಮ ದಾರಿಯುದ್ದಕ್ಕೂ ಕುದುರೆಯ ಬೆನ್ನನ್ನೇ ನೋಡುತ್ತಿದ್ದಳು.

ಪುಟ್ಟ ರೈಲು ನಿಂತಿತ್ತು. ಎಂಜಿನ್ನು ಆವಿ ಬಿಡುತ್ತಿತ್ತು. ಹೆಂಗಸರು ತುಂಬಿದ್ದ ಒಂದು ಡಬ್ಬಿಯ ಕಿಟಕಿಯಲ್ಲಿ ಚಿಕ್ಕಮ್ಮ ಕೂತಿದ್ದಳು. ನಾನು ಒಡನೆ ಗುರುತಿಸಲಿಲ್ಲ. ಮುಂದಲೆಯೆಲ್ಲ ನರೆತಿತ್ತು. ಅಮ್ಮ ನೇರವಾಗಿ ಹೋಗಿ ಕಿಟಕಿಯ ಸರಳಿನೊಳಗೆ ಕೈ ಹಾಕಿ ಅವಳ ಕೈ ಹಿಡಿದಳು.

"ಎಕ್ಕಡುನ್ನಾವಕ್ಕಾ ಇನ್ನಿ ರೋಜುಲು?" ಎಂದಳು ಚಿಕ್ಕಮ್ಮ. ಇಷ್ಟು ದಿನ ಎಲ್ಲಿದ್ದೆ ಎಂದು. ಅವರ ತವರು ಗಡಿಯ ಕಡೆಯದು. ಇಬ್ಬರೂ ಸೇರಿದರೆ ತೆಲುಗೇ ಬಾಯಿಗೆ ಬರುತ್ತಿತ್ತು.

"ಗೇಟಿನ ಎದುರಿಗೇ ಇದ್ನಲ್ಲೇ," ಎಂದಳು ಅಮ್ಮ.

"ನಾನೂ ಗೇಟಿನ ಎದುರಿಗೇ ಇದ್ದೆನಲ್ಲಕ್ಕ."

ಚಿಕ್ಕಪ್ಪ ಗಂಡಸರ ಡಬ್ಬಿಯಿಂದ ಇಳಿದು ಬಂದರು. ಅವರ ಮುಖ ಗಂಟಾಗಿರುತ್ತದೆಂದು ನಾನು ಹೆದರಿದ್ದೆ. "ಅತ್ತಿಗೆ, ನೀವು ಬರಲ್ಲ ಅಂತಲೇ ತಿಳ್ಕೊಂಡ್ವಿ," ಎಂದರು. "ಮಾಲೂರಿಗೇ ಬರೋದಲ್ವ? ಬ್ಯಾಡ ಅಂದೋರು ಯಾರು? ನಮ್ಮ ತಮ್ಮನಿಗೆ ಮದ್ವೆಯಾಗಿ ಎರಡು ಮಕ್ಕಳಾದ್ವು. ಆ ಹಳೇ ಮಾತು ನಮ್ಮನೇಲಿ ಯಾರೂ ಆಡೋದೇ ಇಲ್ಲ. ನೀವೇ ಬಾಗ್ಲು ಹಾಕ್ಕೊಂಡ್ರಿ ಅನ್ಕೊಂಡಿದ್ವಿ."

ನಾವೂ ಅವರನ್ನು ಕುರಿತು ಹಾಗೆಯೇ ಅಂದುಕೊಂಡಿದ್ದೆವು. ಅಕ್ಕತಂಗಿಯರು ಅಷ್ಟು ವರ್ಷವನ್ನು ಯಾರೂ ಹಾಕದ ಬಾಗಿಲಿನ ಎರಡು ಕಡೆ ನಿಂತು ಕಳೆದಿದ್ದರು.

ಗಾರ್ಡು ಸೀಟಿ ಊದಿದ. ಚಿಕ್ಕಪ್ಪ ತಮ್ಮ ಡಬ್ಬಿಗೆ ಓಡಿದರು. ಚಿಕ್ಕಮ್ಮ ಮುಖ ತಿರುಗಿಸಿ ಅವರು ಹತ್ತಿದರೋ ಇಲ್ಲವೋ ಎಂದು ನೋಡುತ್ತಿದ್ದಳು. ಅಮ್ಮ ಸರಳಿಗೆ ಮುಖ ಒತ್ತಿ, "ರತ್ನಾ, ನಿಮ್ಮ ಭಾವ ಹಂಗೆ ಹೇಳಿ ಕಳ್ಸಿದ್ದು ನಂಗೆ ಒಪ್ಪಿಗೆ ಇರ್ಲಿಲ್ಲ ಕಣೇ. ಆವತ್ತೇ ನಾನು ಓಡಿ ಬರ್ಬೇಕು ಅಂತಿದ್ದೆ. ಬಿಡ್ಲಿಲ್ಲ" ಎಂದಳು. ಎಷ್ಟೋ ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತು.

ಚಿಕ್ಕಮ್ಮ ತಿರುಗಿ ನಕ್ಕಳು. "ಆಯ್ತಕ್ಕ, ಬೆಳಿಗ್ಗೇನೇ ಆಯ್ತು. ರಾಗಿ ದೋಸೆ ತಿಂದ್ವಿ. ನಿಂದು?"

ಅಮ್ಮ ಸರಳಿನಿಂದ ಮುಖ ಹಿಂದೆ ತೆಗೆದಳು. "ನಂದೂ ಆಯ್ತು," ಎಂದಳು. ರೈಲು ಚಲಿಸಿತು. ಆ ರೈಲಿನ ವೇಗವೇನು ಮಹಾ, ಅಮ್ಮ ಪ್ಲಾಟ್‌ಫಾರಂ ಮುಗಿಯುವ ತನಕ ಕೈ ಹಿಡಿದುಕೊಂಡೇ ನಡೆದಳು. ಚಿಕ್ಕಮ್ಮ ನನ್ನತ್ತ ನೋಡಿ, "ಸೀತಾ, ಅಮ್ಮನ್ನ ಕರ್ಕೊಂಡು ಬಾರೇ" ಎಂದು ಕೂಗಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಯುಗಾದಿಗೆ ಮುಂಚೆಯೇ ವಿಷಮಶೀತ ಜ್ವರ ಬಂದು ಅವಳು ತೀರಿಕೊಂಡಳು.

ಹೋಟೆಲಿಗೆ ಮರಳಿದಾಗ ಕೋಣೆಯ ಮೂಲೆಯಲ್ಲಿ ಅವರೆಕಾಯಿಯ ಗಂಟು ಹಾಗೇ ಇತ್ತು. ಆತುರದಲ್ಲಿ ಅದರ ನೆನಪು ಯಾರಿಗೂ ಬಂದಿರಲಿಲ್ಲ. ಅಮ್ಮ ಅದನ್ನು ನಾರಾಯಣಪ್ಪನವರಿಗೆ ಕೊಟ್ಟುಬಿಟ್ಟಳು. ಅವರು ಪಕ್ಕದ ಕೋಣೆಯ ಬೀಗ ತೆಗೆದು, ಬಸ್ಸಿನಿಂದ ಆಗಷ್ಟೇ ಇಳಿದಿದ್ದ ಯಾರಿಗೋ ತೋರಿಸಲು ಹೋದರು.

ಮುಳಬಾಗಿಲಿನ ಬಸ್ಸು ಕೆಂಡ ಮಾಡಿಕೊಂಡು ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಚಿಕ್ಕಮ್ಮ ಅಮ್ಮನ ಮಾತಿಗೆ ಹಾಗೇಕೆ ಉತ್ತರ ಕೊಟ್ಟಳೆಂದು ನನ್ನ ಮನಸ್ಸು ಕೊರೆಯುತ್ತಲೇ ಇತ್ತು. ರೈಲು ಹೊರಡುವ ಹೊತ್ತಿನಲ್ಲಿ ಆ ಮಾತು ಬೇಡವೆಂದು ತೇಲಿಸಿದಳೆಂದೇ ತಿಳಿದಿದ್ದೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ.

"ಅವ್ಳಿಗೆ ಎಡಗಿವಿ ಕೇಳ್ಸಲ್ಲ ಕಣೇ," ಎಂದಳು ಅಮ್ಮ. "ಗಂಡನ್ನ ನೋಡೋಕೆ ಆ ಕಡೆ ತಿರುಗಿದ್ಲಲ್ಲ, ಈ ಕಿವಿ ನನ್ನ ಕಡೆ ಇತ್ತು. ಊಟ ಆಯ್ತಾ ಅಂತ ಕೇಳ್ದೆ ಅಂದ್ಕೊಂಡ್ಲು. ಆವಾಗ್ಲೇ ನಂಗೆ ತಿಳಿದದ್ದು."

"ಯಾವಾಗಿಂದ ಅಮ್ಮ?"

"ಯಾರಿಗೆ ಗೊತ್ತು. ಜೋಯಿಸರೂ ಹೇಳ್ಲಿಲ್ಲ. ನನ್ನ ತಂಗಿಗೆ ಕಿವಿ ಹೋಗಿರೋದು ನಂಗೇ ಗೊತ್ತಿಲ್ಲ ನೋಡು."

ಹಿಂದೆ ಪ್ರದರ್ಶನದ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಜನರೆಲ್ಲ ಕಿಟಕಿಯಿಂದ ಕತ್ತು ಹೊರಚಾಚಿ ನೋಡಿದರು. ಅಮ್ಮನೂ ಒಮ್ಮೆ ತಿರುಗಿ ನೋಡಿ, ಸೆರಗಿನಿಂದ ಮುಖದ ದೂಳು ಒರೆಸಿಕೊಂಡಳು.

"ಯುಗಾದಿ ಆಗ್ಲಿ, ಮಾಲೂರಿಗೇ ಹೋಗ್ತೀನಿ," ಎಂದಳು. "ಅವ್ಳ ಬಲಗಡೆ ಕೂತ್ಕೊಂಡು ಮೊದಲಿಂದ ಹೇಳ್ತೀನಿ."