ಪೇಟವಿಲ್ಲದ ಮಹಾರಾಜರು

ಮೊನ್ನೆ ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಯಾವುದೋ ದೂರದೇಶದ ರಾಜನ ಹೊಸ ಭಾವಚಿತ್ರ. ಕಿರೀಟವಿಲ್ಲ, ಸಿಂಹಾಸನವಿಲ್ಲ ಎಂದು ಜನ ಅದನ್ನು ಬರೆದವನನ್ನು ಹಿಗ್ಗಾಮುಗ್ಗಾ ಬೈದಿದ್ದರು. ಓದುತ್ತಾ ಓದುತ್ತಾ ನನಗೆ ನಗು ಬಂತು. ಈ ಜಗಳವನ್ನು ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿ ಎಂದೋ ಆಡಿ ಮುಗಿಸಿತ್ತು. ಅದಕ್ಕೆ ಕಾರಣರು ನಮ್ಮ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು...

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ನೇಕಾರರ ಸಂಘದ ಸಭಾಂಗಣದಲ್ಲಿದ್ದ ಮೈಸೂರು ಮಹಾರಾಜರ ಹಳೆಯ ಪಟಕ್ಕೆ ಗೆದ್ದಲು ಹಿಡಿದಿತ್ತು. ಹೊಸದು ಬರೆದುಕೊಡಿ ಎಂದು ಸಂಘದ ಯಜಮಾನರು ಮೇಷ್ಟ್ರನ್ನು ಕೇಳಿದರು. ಶಾಲೆಯ ಗೋಡೆಗೆ ಭೂಪಟ ಬರೆದೇ ಅರ್ಧ ಆಯಸ್ಸು ಸವೆಸಿದ್ದ ಅವರಿಗೆ, ಊರು ಕೇಳಿದ ಮೊದಲ ಚಿತ್ರ ಅದು. ಬಾಗಿಲು ಹಾಕಿಕೊಂಡು ಬರೆದರು. ನಮಗೆ ಬಣ್ಣದ ವಾಸನೆ ಬಿಟ್ಟರೆ ಬೇರೇನೂ ದಕ್ಕಲಿಲ್ಲ.

ದಸರೆಗೆ ಇನ್ನೂ ಕೆಲವು ದಿನವಿದ್ದಾಗ ಪಟದ ಮೇಲಿನ ಬಟ್ಟೆ ಸರಿಸಿದರು. ಪೇಟವಿಲ್ಲ, ಪದಕವಿಲ್ಲ. ಬಿಳಿ ಅಂಗಿ ತೊಟ್ಟ ದಪ್ಪನೆಯವರೊಬ್ಬರು ಬೆತ್ತದ ಕುರ್ಚಿಯಲ್ಲಿ ಕುಳಿತು, ಕನ್ನಡಕ ಕೈಯಲ್ಲಿ ಹಿಡಿದು ನಗುತ್ತಿದ್ದರು.

"ಇವ್ರು ರಾಜ್ರೋ, ಬ್ಯಾಂಕ್ ಮ್ಯಾನೇಜ್ರೋ?" ಎಂದರು ಯಜಮಾನರು. "ಪೇಟ ಇಲ್ದಿರೋ ರಾಜ್ರಿಗೆ ಆರತಿ ಹೆಂಗಪ್ಪಾ ಎತ್ತೋದು?"

ಆಮೇಲೆ ಬೀದಿಯಲ್ಲಿ ಮಗ್ಗದ ಸದ್ದಿಗಿಂತ ಈ ಮಾತೇ ಜೋರಾಯಿತು. ಹುಡುಗರು, "ರಾಜ್ರ ಕಾಲ ಮುಗೀತು ಗುರು, ಪಟಾನೇ ಯಾಕೆ?" ಎಂದು ಹಿರಿಯರ ಹತ್ತಿರ ಬೈಸಿಕೊಂಡರು. ದಸರೆಯೊಳಗೆ ಪೇಟ ಬರೆಯದಿದ್ದರೆ ಪಟ ವಾಪಸ್ ಎಂದು ಯಜಮಾನರು ಹೇಳಿ ಕಳಿಸಿದರು. "ಒಂದು ಪೇಟ ಬರೆದ್ರೆ ನಿಮ್ ಗಂಟೇನ್ ಹೋಗುತ್ತೆ ಮೇಷ್ಟ್ರೇ?" ಎಂದು ನಾನೂ ಕೇಳಿದೆ. ಅವರು ಬ್ರಷ್ ತೊಳೆಯುತ್ತಲೇ, "ಪೇಟ ಬರೆದ್ರೆ ಎಲ್ರೂ ಅದನ್ನೇ ನೋಡ್ತಾರೆ ಕಣಮ್ಮಾ. ಮುಖ ನೋಡೋರ್ಯಾರು?" ಎಂದರು. ಬಾಯಲ್ಲಿ ಹೀಗೆಂದರೂ ಅವರಿಗೆ ಅನ್ನ ಸೇರುತ್ತಿಲ್ಲವೆಂದು ಅವರ ಮನೆಯವರು ನಮ್ಮಮ್ಮನ ಹತ್ತಿರ ಹೇಳಿಕೊಂಡು ಅತ್ತಿದ್ದರು.

ಕೊನೆಗೆ ಎದ್ದವರು ನಮ್ಮಜ್ಜಿ. ಹುಡುಗಿಯಾಗಿದ್ದಾಗ ಮಹಾರಾಜರನ್ನು ಕಂಡಿದ್ದವರೆಂದು ಬೀದಿಯಲ್ಲಿ ಅಜ್ಜಿಯ ಮಾತಿಗೆ ತೂಕವಿತ್ತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೋಗಿ, ಪಟದ ಮುಂದೆ ತುಂಬ ಹೊತ್ತು ನಿಂತರು. ಮೇಷ್ಟ್ರು ಉಗುರು ಕಚ್ಚುತ್ತಾ ಕಂಬಕ್ಕೆ ಒರಗಿದ್ದರು...

"ಅವತ್ತು ಆ ಜನದ್ ಮಧ್ಯೆ ನಂಗ್ ಕಂಡಿದ್ದು ಬರೀ ಪೇಟ. ಮುಖ ಇವತ್ತೇ ನೋಡಿದ್ದು" ಎಂದು ಅಜ್ಜಿ ತಟ್ಟೆ ಕೆಳಗಿಟ್ಟರು. "ಇವ್ರಿಗೆ ಆರತಿ ಬ್ಯಾಡ. ಊಟ ಆಯ್ತಾ ಅಂತ ಕೇಳೋ ಹಂಗವ್ರೆ."

ಯಜಮಾನರೂ ನಕ್ಕುಬಿಟ್ಟರು. ಆದರೆ ಅವರೇನು ಸುಲಭಕ್ಕೆ ಸೋಲೊಪ್ಪುವ ಆಸಾಮಿಯಲ್ಲ. ತಮ್ಮ ಮಗ್ಗದ ರೇಷ್ಮೆಯಲ್ಲೇ ನಿಜವಾದ ಪೇಟ ಕಟ್ಟಿಸಿ, ದಸರೆಗೆ ಪಟದ ಚೌಕಟ್ಟಿನ ಮೇಲೆ ಕೂರಿಸಿದರು. ಹಬ್ಬ ಮುಗಿದ ಮೇಲೆ ಪೇಟ ಪೆಟ್ಟಿಗೆಗೆ, ರಾಜರು ಗೋಡೆಯಲ್ಲೇ. ದಸರೆಯ ದಿನ ಚೌಕಟ್ಟಿನ ಮೇಲೆ ಕೂತ ಪೇಟ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವರು ಮೇಷ್ಟ್ರೇ. ಅವತ್ತು ಅವರ ಮನೆಯಿಂದ ಬೀದಿಗೆಲ್ಲ ಒಬ್ಬಟ್ಟು ಬಂತು.

ಹೋದ ತಿಂಗಳು ಅದೇ ಸಭಾಂಗಣದಲ್ಲಿ ಒಂದು ಮದುವೆಗೆ ಹೋಗಿದ್ದೆ. ಪಟ ಹಾಗೇ ಇದೆ. ಮದುಮಗಳ ಜೊತೆ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅದರ ಮುಂದೆ ನಿಂತು, "ಯಾರಕ್ಕಾ ಈ ಅಂಕಲ್ಲು? ಎಷ್ಟ್ ಚೆನ್ನಾಗ್ ನಗ್ತಾವ್ರೆ" ಎಂದು ನನ್ನನ್ನು ಕೇಳಿದಳು. ರಾಜರೆಂದು ಗೊತ್ತಿಲ್ಲದೆಯೇ ಆ ಮುಖ ಅವಳನ್ನು ನಿಲ್ಲಿಸಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ. ಇದನ್ನು ಮೇಷ್ಟ್ರಿಗೆ ಈಗಲೇ ಹೇಳಬೇಕೆಂದು ಚಪ್ಪಲಿ ಮೆಟ್ಟಿ ಬೀದಿಗೆ ಬಂದೂಬಿಟ್ಟೆ. ಅವರು ತೀರಿಕೊಂಡು ವರ್ಷಗಳೇ ಆದವೆಂಬುದು ಅರ್ಧ ದಾರಿಯಲ್ಲಿ ನೆನಪಾಯಿತು...