ಸುಳಿಯಣ್ಣ ಎಬ್ಬಿಸಿದ ಅಲೆ

ಒಂದಾನೊಂದು ಊರು. ಆ ಊರಿನಲ್ಲೊಂದು ಓಣಿ, ಓಣಿಯ ತಿರುವಿನಲ್ಲೊಂದು ಅಂಗಡಿ, ಅಂಗಡಿಯೊಳಗೆ ಎರಡು ಕುರ್ಚಿ, ಮೂರು ಕನ್ನಡಿ. ಅಲ್ಲಿ ಒಬ್ಬ ಕ್ಷೌರಿಕನಿದ್ದನಂತೆ. ಅವನು ಬಾಚಣಿಗೆ ಹಿಡಿದರೆ ಸಾಕು, ಎಪ್ಪತ್ತರ ಮುದುಕರು ಇಪ್ಪತ್ತರ ಹುಡುಗರಾಗಿ ಎದ್ದು ಹೋಗುತ್ತಿದ್ದರಂತೆ. ಅಂತೆ ಕಂತೆ ಇಲ್ಲಿಗೆ ಸಾಕು. ಆ ಕ್ಷೌರಿಕರು ನಿಜವಾಗಿಯೂ ಇದ್ದಾರೆ. ಈ ಬೆಳಿಗ್ಗೆ, ಬೀದಿದೀಪ ಇನ್ನೂ ಆರಿಲ್ಲದ ಹೊತ್ತಿನಲ್ಲಿ ಷಟರ್ ಎತ್ತಿ, ಒಬ್ಬ ಹಿರಿಯರ ನೆತ್ತಿಯ ಮೇಲೆ ಟಾರ್ಚ್ ಬಿಟ್ಟು ಬಗ್ಗಿ ನಿಂತಿದ್ದಾರೆ.

ಹುಡುಕುತ್ತಿರುವುದು ಸುಳಿಯನ್ನು. ಕೂದಲಿನ ಸುಳಿ ಯಾವ ಕಡೆಗೆ ತಿರುಗಿದೆ ಎಂದು ನೋಡದೆ ಇವರು ಕತ್ತರಿ ಮುಟ್ಟುವುದಿಲ್ಲ. ಅದಕ್ಕೇ ಓಣಿಗೆಲ್ಲ ಇವರು ಸುಳಿಯಣ್ಣ. ವಯಸ್ಸು ಐವತ್ತೆಂಟು, ಕಸುಬಿಗೆ ನಲವತ್ತೊಂದು.

ಕುರ್ಚಿಯಲ್ಲಿ ಕೂತಿರುವವರು ನಿವೃತ್ತ ಲೈನ್‌ಮನ್. ತಲೆ ತುಂಬ ಬೆಳ್ಳಿ ಕೂದಲು, ಮಡಿಲಲ್ಲಿ ಕಟ್ಟು ಹಾಕಿಸಿದ ಕಪ್ಪು-ಬಿಳುಪು ಪಟ. ಪಟದೊಳಗೆ ಇಪ್ಪತ್ತಾರು ವರ್ಷದ ಅವರೇ. ಹಣೆಯಿಂದ ಎದ್ದು ಹಿಂದಕ್ಕೆ ಬಾಗಿದ ಮುಂಗೂದಲು, ಇನ್ನೇನು ದಡಕ್ಕೆ ಅಪ್ಪಳಿಸಲಿರುವ ಅಲೆಯ ಹಾಗಿದೆ.

“ಈ ಅಲೆ ನೋಡೇ ನಮ್ಮವಳು ನನ್ನ ಒಪ್ಪಿದ್ದು,” ಎನ್ನುತ್ತಾರೆ ಲೈನ್‌ಮನ್. “ಮದುವೆಗೆ ಒಂದು ವಾರ ಇದೆ ಅನ್ನೋವಾಗ ಕೆಲಸ ಸಿಕ್ತು. ಹೆಲ್ಮೆಟ್ ಕೂರಲ್ಲ, ಬೋಳಿಸ್ಕೊಂಡು ಬಾ ಅಂದ್ರು ಸಾಹೇಬ್ರು. ಮದುವೆ ದಿನ ಅವಳು ತಲೆ ಎತ್ತಿ ನೋಡ್ತಾಳೆ, ಅಲೆ ಎಲ್ಲಿ? ಆಮೇಲೂ ಕೆಲಸದಲ್ಲಿ ಇರೋವರೆಗೆ ಬೆಳೆಸೋ ಹಾಗಿರಲಿಲ್ಲ, ರಿಟೈರ್ ಆಗೋ ಹೊತ್ತಿಗೆ ಬೆಳೆಸೋ ಅಭ್ಯಾಸವೇ ತಪ್ಪಿತ್ತು. ಇವತ್ತಿಗೂ ‘ಪಟ ತೋರಿಸಿ ಟೋಪಿ ಹಾಕಿದ್ರಿ’ ಅಂತಾಳೆ.”

ಇಂದಿಗೆ ಮದುವೆಯಾಗಿ ಐವತ್ತು ವರ್ಷ. ಹತ್ತು ಗಂಟೆಗೆ ಸ್ಟುಡಿಯೋದಲ್ಲಿ ಜೋಡಿಯ ಫೋಟೊ. ಹೆಂಡತಿ ಎಂದೂ ಕಣ್ಣಾರೆ ಕಾಣದ ಅಲೆಯನ್ನು ಇವತ್ತಾದರೂ ತೋರಿಸಬೇಕೆಂದು ಲೈನ್‌ಮನ್ ನಾಲ್ಕು ತಿಂಗಳಿಂದ ಕೂದಲು ಬೆಳೆಸಿದ್ದಾರೆ. “ಪಟದಲ್ಲಿ ಇರೋದನ್ನ ತಲೆ ಮೇಲೆ ತರ್ತೀನಿ,” ಎಂದು ಸುಳಿಯಣ್ಣ ಮಾತು ಕೊಟ್ಟಿದ್ದಾರೆ. ಆದರೆ ಹೋದ ವಾರ ಎರಡು ಸಲ ಬಾಚಿ ನೋಡಿದಾಗಲೂ, ಹತ್ತು ಎಣಿಸುವುದರೊಳಗೆ ಅಲೆ ನೆನೆದ ಬೆಕ್ಕಿನ ಹಾಗೆ ಹಣೆಯ ಮೇಲೆ ಮಲಗಿಬಿಟ್ಟಿತು.

“ಊರಿಗೆಲ್ಲ ಕೇಳೋ ಹಾಗೆ ಮಾತು ಕೊಡೋದು, ಆಮೇಲೆ ಬಾಚಣಿಗೆ ಕಚ್ಕೊಂಡು ನಿಂತ್ಕೊಳ್ಳೋದು,” ಎಂದು ಬಾಗಿಲ ಬಳಿ ಟವೆಲ್ ಮಡಿಸುತ್ತಿರುವ ಅಕ್ಕ ಚುಚ್ಚುತ್ತಾರೆ. ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ತಮ್ಮನ ಕಾಲೆಳೆಯುವುದು ಮೂರೂ ಅವರ ಖಾತೆ.

ಸುಳಿಯಣ್ಣನಿಗೆ ಕಸುಬು ಕಲಿಸಿದ್ದು ಅಪ್ಪ. ಹದಿನೇಳನೆಯ ವಯಸ್ಸಿನಲ್ಲಿ ಆರು ತಿಂಗಳು ಕತ್ತರಿ ಕೊಡಲೇ ಇಲ್ಲವಂತೆ, ಬರೀ ಬಾಚುವುದು. “ಒದ್ದೆ ಕೂದಲು ಸುಳ್ಳು ಹೇಳುತ್ತೆ, ಒಣಗಿದ ಮೇಲೇ ಬಣ್ಣ ಬಯಲು ಅಂತಿದ್ರು ಅಪ್ಪ. ಹಳೇ ಕಾಲದ ಕ್ರಾಪು ಅಂದ್ರೆ ಎಣ್ಣೆ ಸುರಿಯೋದಲ್ಲ. ಕಿವಿ ಸುತ್ತ ಬಾಚಣಿಗೆ ಮೇಲೇ ಕತ್ತರಿ ಆಡಿಸಿ ಇಳಿಸ್ಬೇಕು, ನೆತ್ತಿ ಮೇಲೆ ನಾಲ್ಕು ಬೆರಳುದ್ದ ಬಿಡ್ಬೇಕು, ಮುಂದೆ ಇನ್ನೂ ಒಂದು ಬೆರಳು ಜಾಸ್ತಿ. ಬೈತಲೆ ಸರಿಯಾಗಿ ಕೂರೋವರೆಗೆ ಮುಂಗೂದಲಿಗೆ ಕತ್ತರಿ ಹಾಕ್ಲೇಬಾರದು.”

ನಡುವೆ ಮೆಷಿನ್ನಿನ ಕಾಲ ಬಂತು. ಎಲ್ಲರಿಗೂ ಐದೇ ನಿಮಿಷದಲ್ಲಿ ಕೆಲಸ ಮುಗಿಯಬೇಕು. ಮೂರು ವರ್ಷ ಅಂಗಡಿಯ ಕುರ್ಚಿಗಳು ಬಾಯಿ ಬಿಟ್ಟುಕೊಂಡು ಕೂತವು. ಸುಳಿಯಣ್ಣ ಆಸ್ಪತ್ರೆಯ ವಾರ್ಡುಗಳಿಗೆ ಹೋಗಿ ರೋಗಿಗಳ ಗಡ್ಡ ಕೆರೆದರು. ಬಲ ಮಣಿಕಟ್ಟಿನ ನೋವು ಆ ದಿನಗಳದ್ದು. ಈಗಲೂ ಪಟ್ಟಿ ಸುತ್ತಿಕೊಂಡೇ ಕೆಲಸ. ಈಗ ಗಾಳಿ ತಿರುಗಿದೆ. ದಿನಕ್ಕೆ ಹನ್ನೆರಡು ತಲೆ ಬಂದರೆ ನಾಲ್ಕು ತಲೆಗೆ ಅಜ್ಜನ ಕಾಲದ ಕ್ರಾಪೇ ಬೇಕು. ಕಾಲೇಜು ಹುಡುಗರು ಮೊಬೈಲಿನಲ್ಲಿ ತಾತಂದಿರ ಫೋಟೊ ಹಿಡಿದು ಬರುತ್ತಾರೆ. ಒಂದೊಂದು ತಲೆಗೂ ಮುಕ್ಕಾಲು ಗಂಟೆ, ಮೂರು ಬಗೆಯ ಬಾಚಣಿಗೆ.

ಬಾಚುವುದು, ಒಣಗಲು ಬಿಟ್ಟು ನೋಡುವುದು ಎನ್ನುವುದರಲ್ಲೇ ಒಂಬತ್ತು ಗಂಟೆಯಾಗಿದೆ. ಕಿವಿ, ಕುತ್ತಿಗೆ ಮುಗಿದಿವೆ. ಉಳಿದಿರುವುದು ಮುಂಗೂದಲು. ಸುಳಿಯಣ್ಣ ಪಟದಲ್ಲಿರುವಂತೆಯೇ ಎಡಕ್ಕೆ ಬೈತಲೆ ತೆಗೆದು, ಅಂಗೈಯ ಅಂಚಿನಿಂದ ಕೂದಲನ್ನು ಮುಂದೂಡಿ ಬಾಚಣಿಗೆಯಿಂದ ಹಿಂದಕ್ಕೆಳೆಯುತ್ತಾರೆ. ಅಲೆ ಏಳುತ್ತದೆ. ಮೂವರೂ ಉಸಿರು ಬಿಗಿಹಿಡಿಯುತ್ತಾರೆ. ಅಲೆ ಬೀಳುತ್ತದೆ.

“ಉದ್ದ ಜಾಸ್ತಿ ಆಯ್ತೇನೋ. ಕತ್ತರಿಸಿಬಿಡಪ್ಪ, ನಿಂತ್ಕೊಳ್ಳುತ್ತೆ,” ಎನ್ನುತ್ತಾರೆ ಲೈನ್‌ಮನ್.

“ಕತ್ತರಿಸಿದ್ಮೇಲೆ ಬಿದ್ರೆ ಇನ್ನು ನಾಲ್ಕು ತಿಂಗಳು ಕಾಯ್ಬೇಕು, ಯಜಮಾನ್ರೇ.”

“ಮುಂದಿನ ಐವತ್ತಕ್ಕೆ ನಾನು ಇರಲ್ಲಪ್ಪ. ಹಾಕು!”

ಸುಳಿಯಣ್ಣ ಕೂದಲನ್ನು ಬೆರಳ ನಡುವೆ ಹಿಡಿದು ಕತ್ತರಿ ತೆರೆಯುತ್ತಾರೆ. ಅಷ್ಟರಲ್ಲಿ ಅಕ್ಕ ಲೈನ್‌ಮನ್‌ರ ಮಡಿಲಿನಿಂದ ಪಟ ಎತ್ತಿಕೊಂಡು ಟವೆಲಿನಿಂದ ಒರೆಸುತ್ತಾ ನಗುತ್ತಾರೆ. “ಅಯ್ಯೋ, ಇದ್ಯಾವ ದರ್ಜಿ ಹೊಲಿದ ಶರ್ಟು? ಜೇಬು ಬಲಗಡೆ ಇಟ್ಟಿದ್ದಾನೆ!”

ಕತ್ತರಿ ಗಾಳಿಯಲ್ಲೇ ನಿಲ್ಲುತ್ತದೆ.

ಸುಳಿಯಣ್ಣ ಪಟ ಕಿತ್ತುಕೊಂಡು ಕನ್ನಡಿಗೆ ಹಿಡಿಯುತ್ತಾರೆ. ಕನ್ನಡಿಯೊಳಗೆ ಜೇಬು ಎಡಕ್ಕೆ ಬಂದಿದೆ. ಬೈತಲೆ ಬಲಕ್ಕೆ ಹೋಗಿದೆ. ಫೋಟೊ ತೊಳೆದವನು ನೆಗೆಟಿವ್ ಮಗುಚಿ ಇಟ್ಟುಬಿಟ್ಟಿದ್ದ; ಐವತ್ತು ವರ್ಷ ಗೋಡೆಯ ಮೇಲಿದ್ದರೂ ಯಾರಿಗೂ ಗೊತ್ತಾಗಿಲ್ಲ.

“ಹಣೆಗೆ ಹೊಡ್ಕೋಬೇಕು ನಾನು!” ಸುಳಿಯಣ್ಣ ಕುಣಿಯುವುದೊಂದು ಬಾಕಿ. “ಸುಳಿ ಮೊದಲ ದಿನವೇ ಬಲಕ್ಕೆ ಬೈತಲೆ ತೆಗಿ ಅಂತ ಹೇಳ್ತಿತ್ತು. ತಲೆ ಮಾತು ಬಿಟ್ಟು ಪಟದ ಮಾತು ಕೇಳ್ದೆ. ಜೀವಮಾನವೆಲ್ಲ ಕನ್ನಡಿ ಮುಂದೆ ನಿಂತವನು, ನೋಡಿ, ಎಡ ಬಲ ಗೊತ್ತಾಗ್ಲಿಲ್ಲ.”

“ನಂಗೂ ನೆನಪಿಲ್ಲಪ್ಪ, ಪಟ ನೋಡಿ ನೋಡಿ ಅದೇ ಸರಿ ಅನ್ಕೊಂಡಿದ್ದೆ,” ಎಂದು ಲೈನ್‌ಮನ್ ಕೈ ಚೆಲ್ಲುತ್ತಾರೆ.

“ಕುಣಿದಿದ್ದು ಸಾಕು, ಗಡಿಯಾರ ನೋಡೋ,” ಎಂದು ಅಕ್ಕ ಬಿಸಿ ಟವೆಲ್ ಎಸೆಯುತ್ತಾರೆ.

ಮತ್ತೆ ಒದ್ದೆ. ಮತ್ತೆ ಬಾಚಣಿಗೆ. ಬಲಕ್ಕೆ ಬೈತಲೆ ಎಳೆದದ್ದೇ ತಡ, ಕೂದಲು ತಾನೇ ಜಾಗ ಮಾಡಿಕೊಂಡು ಕೂರುತ್ತದೆ, ತವರಿಗೆ ಬಂದ ಮಗಳ ಹಾಗೆ. ಈಗ ಕತ್ತರಿ. ಚಕಚಕನೆ ಬೆಳ್ಳಿಯ ಎಳೆಗಳು ಉದುರುತ್ತವೆ. ಅಂಗೈಯ ಅಂಚು ಮುಂದಕ್ಕೆ, ಬಾಚಣಿಗೆ ಹಿಂದಕ್ಕೆ. ಅಲೆ ಏಳುತ್ತದೆ. ಅಕ್ಕ ಗಟ್ಟಿಯಾಗಿ ಎಣಿಸುತ್ತಾರೆ. ಹತ್ತು. ಇಪ್ಪತ್ತು. ಅರವತ್ತು. ಕೂದಲು ಒಣಗುತ್ತದೆ, ಅಲೆ ಅಲುಗುವುದಿಲ್ಲ.

ಲೈನ್‌ಮನ್‌ರ ಹೆಂಡತಿ ಹೊಸಿಲಲ್ಲಿ ಬಂದು ನಿಂತಿದ್ದಾರೆ. ಕೈಚೀಲವನ್ನು ನೆಲಕ್ಕಿಟ್ಟು, ಕುರ್ಚಿಯ ಸುತ್ತ ಒಂದು ಸುತ್ತು ಬರುತ್ತಾರೆ. ಗಂಡ ಮದುಮಗನ ಹಾಗೆ ನೆಟ್ಟಗೆ ಕೂತಿದ್ದಾರೆ, ಕಣ್ಣು ಮಿಟುಕಿಸಲೂ ಹೆದರಿ.

“ಏನು ಬಳಿದು ನಿಲ್ಸಿದ್ದೀರಪ್ಪ ಇದನ್ನ? ಸ್ಟುಡಿಯೋಗೆ ಹೋಗೋವರೆಗೆ ಇರುತ್ತಾ?”

“ಏನೂ ಬಳಿದಿಲ್ಲಮ್ಮ, ಕತ್ತರೀಲಿ ನಿಂತಿರೋದು,” ಸುಳಿಯಣ್ಣ ಬಾಚಣಿಗೆ ಕೆಳಗಿಟ್ಟು ಪಕ್ಕಕ್ಕೆ ಸರಿಯುತ್ತಾರೆ. “ಮುಟ್ಟಿ ನೋಡಿ.”

ಅವರು ಅಂಗೈ ಚಾಚಿ ಅಲೆಯನ್ನು ಹಣೆಯವರೆಗೂ ಒತ್ತುತ್ತಾರೆ. ಕೈ ತೆಗೆಯುತ್ತಾರೆ.

ಅಲೆ ಮತ್ತೆ ಏಳುತ್ತದೆ.