ಎದೆಯೊಳಗಿನ ಸೂಜಿ

ಅರವತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದಲ್ಲಿ ಹೊಸದಾಗಿ ಟೀಚರ್ ಆಗಿದ್ದಾಗ, ಪಕ್ಕದ ಮನೆಯಲ್ಲಿ ರೇಷ್ಮೆಹುಳು ಸಾಕುವ ಅಕ್ಕ ಒಬ್ಬರಿದ್ದರು. ಅವರ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಗಂಟಿನೊಳಕ್ಕೆ, ವಿಕಿರಣದಿಂದ ಅದನ್ನು ಸುಡುವ ರೇಡಿಯಂ ಸೂಜಿಗಳನ್ನು ಚುಚ್ಚಿ, ಕೆಲವು ದಿನ ಹಾಗೇ ಇಟ್ಟು ತೆಗೆದಿದ್ದರು. ಗಂಟು ಕರಗಿತು, ಭಯ ಮಾತ್ರ ಅವರ ಜೊತೆಗೇ ಊರಿಗೆ ಬಂತು.

"ಒಂದು ಸೂಜಿ ಒಳಗೇ ಉಳ್ಕೊಂಡೈತೆ ಕಣಮ್ಮ" ಎನ್ನುತ್ತಿದ್ದರು, ಸೆರಗಿನ ಮೇಲೆ ಅಂಗೈ ಒತ್ತಿಕೊಂಡು. ತಾನು ಹತ್ತಿರ ಹೋದರೆ ಹುಳು ಸತ್ತಾವೆಂದು ತಟ್ಟೆಗಳಿಗೆ ಸೊಪ್ಪು ಹಾಕುವುದನ್ನೂ ಬಿಟ್ಟರು. ಬಾಣಂತನಕ್ಕೆ ಬಂದಿದ್ದ ಮಗಳು ಕೂಸನ್ನು ಕೊಡಲು ಹೋದರೆ ಗೋಡೆಯ ತನಕ ಹಿಂದೆ ಸರಿಯುತ್ತಿದ್ದರು. "ನನ್ನ ಹತ್ರ ತರಬೇಡಮ್ಮ, ಮಗೂಗೆ ತಾಕ್ತದೆ."

ಕೊನೆಗೆ ನಾನೇ ಅವರನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ನೋಡಮ್ಮ, ಸೂಜಿ ಇದ್ದಿದ್ರೆ ಬೆಳ್ಳಗೆ ಕಾಣೋದು. ಏನೂ ಇಲ್ಲ" ಎಂದರು.

ಅಕ್ಕ ಬಹಳ ಹೊತ್ತು ನೋಡಿದರು. "ಸೂಜಿ ತೆಗೆದ್ರಿ ಸ್ವಾಮಿ. ಅದು ಒಳಗೆ ಬಿಟ್ಟಿರೋ ವಿಷ ಇದರಲ್ಲಿ ಕಾಣ್ತದಾ?"

ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಟ್ಟು, "ಅದೆಲ್ಲ ಇದರಲ್ಲಿ ಕಾಣಲ್ಲಮ್ಮ. ಆಗಾಗ ಬಂದು ತೋರಿಸ್ಕೊಂಡು ಹೋಗಿ" ಎಂದರು.

ಮನೆ ಬಾಗಿಲಲ್ಲಿ ಮಗಳು ಕಾಯುತ್ತಿದ್ದಳು. ಏನೂ ಇಲ್ಲವಂತೆ ಎಂದು ನಾನು ಹೇಳಿದ್ದೇ ತಡ, ಕೂಸನ್ನು ತಾಯಿಯ ಕೈಗೆ ಕೊಟ್ಟುಬಿಟ್ಟಳು. ಅಕ್ಕ ಈ ಸಲ ಬೇಡ ಎನ್ನಲಿಲ್ಲ. ತೋಳುಗಳನ್ನು ಆದಷ್ಟು ಮುಂದಕ್ಕೆ ಚಾಚಿ ಹಿಡಿದುಕೊಂಡರು. ಕೂಸು ಅಳತೊಡಗಿತು. ಆದರೂ ಅವರು ಅದನ್ನು ಎದೆಗೆ ಒತ್ತಿಕೊಳ್ಳಲಿಲ್ಲ.